ಅರಮನೆಯ ಫೋಟೊ ತೆಗೆದವನು

“ಅರಮನೆಯ ಚಿತ್ರವನ್ನು ಬೀದಿಯಿಂದ ಯಾರೂ ತೆಗೆಯಕೂಡದು. ತೆಗೆದವರು ರಾಜರ ಮೂರು ಒಗಟು ಬಿಡಿಸಬೇಕು. ತಪ್ಪಿದರೆ ಸೂರ್ಯಾಸ್ತಕ್ಕೆ ಶಿರಚ್ಛೇದ.”

ಡಂಗುರ ಸಾರಿದ ವಾರದಲ್ಲೇ ಮೂವರು ಸಿಕ್ಕಿಬಿದ್ದರು. ಮೂರನೆಯವನು ಚೆಲುವಯ್ಯ, ಸಂತೆಗಳಲ್ಲಿ ಫೋಟೊ ತೆಗೆದು ಬದುಕುವವನು. ಬೇರೆ ಊರಿನಿಂದ ಬಂದಿದ್ದ ಅವನ ಕಿವಿಗೆ ಡಂಗುರ ಬಿದ್ದಿರಲಿಲ್ಲ. ಅವನು ತೊಳೆದು ಒಣಗಿಸುತ್ತಿದ್ದ, ಅರಮನೆಯ ಚಿತ್ರ ಮೂಡಿದ್ದ ಗಾಜಿನ ಫಲಕ ಈಗ ಮಂತ್ರಿಯ ಕೈಯಲ್ಲಿತ್ತು.

ರಾಜ ಮೊದಲನೆಯವನನ್ನು ಕೇಳಿದ: “ನನ್ನ ಅರಮನೆಯಿಂದ ದಿನವೂ ಸಾವಿರ ಜನ ಒಯ್ಯುತ್ತಾರೆ. ಆದರೂ ಚೂರೂ ಕಡಿಮೆಯಾಗದು. ಅದೇನು?”

“ಬಾವಿಯ ನೀರು, ಪ್ರಭು.”

“ಬೇಸಿಗೆಯಲ್ಲಿ ನಮ್ಮ ಬಾವಿ ಬತ್ತುತ್ತದೆ.” ಭಟರು ಅವನನ್ನು ಎಳೆದೊಯ್ದರು.

ಅದೇ ಒಗಟಿಗೆ ಎರಡನೆಯವನು ಅಡ್ಡಬಿದ್ದ. “ತಮ್ಮ ದಯೆ, ಮಹಾಪ್ರಭು.”

“ನಿನ್ನ ಪಾಲಿಗೆ ಅದು ಈಗಷ್ಟೇ ಮುಗಿಯಿತು,” ಎಂದ ರಾಜ.

ಚೆಲುವಯ್ಯ ಕೈಮುಗಿದ. “ಅದು ನೋಟ, ಪ್ರಭು,” ಎಂದ. “ದಾರಿಹೋಕರು ಕಣ್ಣಲ್ಲಿ ಒಯ್ಯುತ್ತಾರೆ. ನಾನು ಗಾಜಿನಲ್ಲಿ ಒಯ್ದೆ. ಅರಮನೆ ಅಲ್ಲೇ ಇದೆ.”

“ಒಳಗಿರುವ ನನಗೆ ಕಾಣದ, ಹೊರಗಿನ ಭಿಕ್ಷುಕನಿಗೂ ಕಾಣುವ ಭಾಗ ಯಾವುದು?”

“ಅರಮನೆಯ ಮುಖ. ಅದು ಬೀದಿಯ ಕಡೆಗೇ ತಿರುಗಿದೆ.”

ರಾಜ ಸನ್ನೆ ಮಾಡಿದ. ಕತ್ತಿಯ ಅಲಗು ಚೆಲುವಯ್ಯನ ಕುತ್ತಿಗೆಗೆ ತಣ್ಣಗೆ ತಾಗಿತು.

“ಇದು ಕೊನೆಯದು. ಬೀದಿಯಿಂದ ಕಂಡರೂ ಬೀದಿಯವರದಲ್ಲದ್ದು ಯಾವುದು?”

ಚೆಲುವಯ್ಯ ಮೆಲ್ಲಗೆ ಹೇಳಿದ: “ಕಿಟಕಿಯೊಳಗಿನ ಮನುಷ್ಯರು, ಪ್ರಭು. ಮೇಲಿನ ಕಿಟಕಿಯಲ್ಲಿ ಒಬ್ಬ ತಾಯಿ ಅಳುತ್ತಿದ್ದರು. ಅವರು ಎದ್ದು ಹೋಗುವವರೆಗೆ ನಾನು ಕ್ಯಾಮೆರಾದ ಮುಚ್ಚಳ ತೆಗೆಯಲಿಲ್ಲ.”

ರಾಜ ಫಲಕವನ್ನು ಇಸಿದುಕೊಂಡು ಬೆಳಕಿಗೆ ಹಿಡಿದ. ಗೋಪುರವಿತ್ತು, ಬಾಗಿಲಿತ್ತು. ಕಿಟಕಿ ಖಾಲಿ ಇತ್ತು.

“ಮಗ ತೀರಿಕೊಂಡಾಗಿನಿಂದ ರಾಣಿ ಅಲ್ಲೇ ಕೂರುತ್ತಾಳೆ,” ಎಂದ. “ಅವಳೊಬ್ಬಳನ್ನು ಮರೆಮಾಡಲು ಇಡೀ ಅರಮನೆಯನ್ನೇ ಮುಚ್ಚಲು ಹೊರಟೆ.” ಕತ್ತಿ ಕೆಳಗಿಳಿಯಿತು. “ಏನು ಬೇಕು, ಕೇಳು.”

“ಅವರಿಬ್ಬರ ಜೀವ, ಪ್ರಭು.”

ರಾಜ ಅವರನ್ನು ಬಿಡಿಸಿದ. ಚೆಲುವಯ್ಯನಿಗೆ ಅವನ ಫಲಕವನ್ನೂ ಪೇಟೆಯಲ್ಲಿ ಒಂದು ಮನೆಯನ್ನೂ ಕೊಟ್ಟ. ಬೀದಿಯಲ್ಲಿ ನಿಂತು ಕಟ್ಟಡದ ಚಿತ್ರ ತೆಗೆಯುವವರನ್ನು ಯಾರೂ ತಡೆಯಬಾರದು, ಮನೆಯೊಳಗಿನವರ ಚಿತ್ರಕ್ಕೆ ಮಾತ್ರ ಅವರನ್ನೇ ಕೇಳಬೇಕು ಎಂದು ಬರೆಸಿದ.

ಆ ಸಂಜೆ ರಾಜ ಮೇಲೆ ಹೋಗಿ ರಾಣಿಯ ಪಕ್ಕದಲ್ಲಿ ಕೂತು ಅತ್ತ. ಕೆಳಗೆ ಚೆಲುವಯ್ಯ ಕ್ಯಾಮೆರಾ ಹೊತ್ತು ಹೋಗುತ್ತಿದ್ದ. ಅವನು ತಲೆ ಎತ್ತಲಿಲ್ಲ.