ದೊಡ್ಡಿಗೆ ಬಿದ್ದ ಮಾತು

ಕಣ್ಣು ಮುಚ್ಚಿಕೋ ಪುಟ್ಟೀ, ನಡುನಡುವೆ ಹೂಂ ಅನ್ನು. ನಮ್ಮಜ್ಜಿಯ ಅಜ್ಜಿ ಇನ್ನೂ ತೊಟ್ಟಿಲಲ್ಲಿದ್ದ ಕಾಲದಲ್ಲಿ ಹೊಳೆದಂಡೆಯ ಮೇಲೆ ಒಂದು ಊರಿತ್ತಂತೆ. ಅಲ್ಲಿ ಒಂದು ಕೇರಿ ಕನ್ನಡದವರದು, ಒಂದು ತೆಲುಗಿನವರದು, ಇನ್ನೊಂದು ಮರಾಠಿಯವರದು. ಊರಿನ ರಾಜ ಬಹಳ ಒಳ್ಳೆಯವನು, ಕೆಲಸ ಮಾತ್ರ ಕಡಿಮೆ. ಅವನು ಬೀಡಾಡಿ ದನಗಳನ್ನು ಕೂಡಿಹಾಕಲು ಒಂದು ದೊಡ್ಡಿ ಕಟ್ಟಿಸಿದ್ದನಂತೆ. ಅದನ್ನು ಕಾಯುವವಳು ನೀಲವ್ವ. ಅವಳಿಗೆ ಗಂಡ ಇಲ್ಲ, ಹೊನ್ನಿ ಅಂತ ನಾಲ್ಕು ವರ್ಷದ ಮಗಳು.

ಆಮೇಲೆ ಜನ ದನಗಳನ್ನು ಭದ್ರವಾಗಿ ಕಟ್ಟಿಹಾಕಲು ಕಲಿತು ದೊಡ್ಡಿ ಖಾಲಿಯಾಯ್ತಂತೆ. ಖಾಲಿ ದೊಡ್ಡಿ ನೋಡಿ ರಾಜನಿಗೆ ಸಂಕಟ. ಆಗ ಅವನ ಕಣ್ಣಿಗೆ ಬಿತ್ತು, ಕೆಲವು ಮಾತುಗಳು ಅವೇ ಅಕ್ಷರ ಹೊತ್ತುಕೊಂಡು ಎರಡೆರಡು ಭಾಷೆಯಲ್ಲಿ ಮೇಯುತ್ತಿವೆ. ಇವೂ ಬೀಡಾಡಿಗಳೇ, ಹಿಡಿದು ಕೂಡಿ ಅಂದನಂತೆ. ಮಾತನ್ನು ಓಲೆಗರಿಯಲ್ಲಿ ಬರೆದು ದೊಡ್ಡಿಯ ಗೂಟಕ್ಕೆ ಕಟ್ಟುವುದು, ಯಾರದೆಂದು ತೀರ್ಮಾನವಾಗುವ ತನಕ ಯಾರೂ ಆಡಬಾರದು, ಆಡಿದರೆ ಊರು ಬಿಡಬೇಕು.

ಮೊದಲು ಬಿದ್ದದ್ದು ಬಾಯಿ. ಕನ್ನಡದವರು ಅದರಲ್ಲಿ ಉಣ್ಣುತ್ತಾರೆ, ಮರಾಠಿಯವರು ಮರ್ಯಾದಸ್ಥ ಹೆಂಗಸರನ್ನು ಹಾಗೆ ಕರೆಯುತ್ತಾರೆ. ಪಂಡಿತರು ರೋಗಿಗೆ, ಅನ್ನ ಹಾಕಿಕೊಳ್ಳುವ ತೂತು ತೆಗಿ ಅನ್ನಬೇಕಾಯ್ತು. ಮರಾಠಿ ಕೇರಿಯ ಗೋದೂಬಾಯಿ ಬರೀ ಗೋದೂ ಆಗಿ ಎರಡು ದಿನ ಮುನಿಸಿಕೊಂಡಳು. ಆಮೇಲೆ ಕಲ್ಲು ಬಿತ್ತು. ಕನ್ನಡದವರು ಅದರಿಂದ ಗೋಡೆ ಕಟ್ಟುವವರು, ತೆಲುಗಿನವರು ಅದನ್ನು ಈಚಲು ಮರದಿಂದ ಇಳಿಸಿ ಕುಡಿಯುವವರು. ಗೋಡೆ ಕೆಲಸ ನಿಂತೇಹೋಯ್ತು, ಕುಡಿಯುವುದು ಮಾತ್ರ ಕೈಸನ್ನೆಯಲ್ಲೇ ನಡೆಯಿತಂತೆ.

ಮೂರನೆಯದು ಅವ್ವ. ಕನ್ನಡದ ಮಕ್ಕಳು ಹಾಗೆ ತಾಯಿಯನ್ನು ಕರೆಯುವರು, ತೆಲುಗಿನ ಮಕ್ಕಳು ಅಜ್ಜಿಯನ್ನು. ಅದನ್ನು ಕಟ್ಟಿ ಬೀಗ ಹಾಕಿದವಳು ನೀಲವ್ವನೇ. ಮನೆಗೆ ಬಂದರೆ ಹೊನ್ನಿ ಓಡಿಬಂದು ತುಟಿ ತೆರೆದಳು, ಇವಳು ಗಬಕ್ಕನೆ ಅಂಗೈ ಅಡ್ಡ ಇಟ್ಟಳು. ಬೇಡ ಕಂದಾ, ಬೇರೆ ಏನಾದರೂ ಕರಿ. ಏನಂತ ಕರೀಲಿ? ಅಲ್ಲಿಂದ ಮಗು ಮಾತೇ ಬಿಟ್ಟಿತಂತೆ. ಹಸಿದರೆ ಸೆರಗು ಜಗ್ಗುವುದು, ಬಿದ್ದರೆ ಸದ್ದಿಲ್ಲದೆ ಅಳುವುದು.

ಮೂರನೇ ದಿನ ತೆಲುಗು ಕೇರಿಯ ಮುದುಕಿ ಓಬುಳಮ್ಮ ಬಂದಳು. ಏನೇ ನೀಲಾ, ನನ್ನ ಮೊಮ್ಮಗಳು ನನ್ನ ಓಯ್ ಅಂತಾಳೆ, ಎಮ್ಮೆ ಕರೆದ ಹಾಗೆ. ಇರಲಿ, ಆ ಮಾತು ನೀನೇ ಇಟ್ಕೋ, ನಿನ್ನ ಮಗೂನ ಹೀಗೆ ನೋಡಲಾರೆ. ನಿನ್ನದನ್ನ ನಾನು ಹ್ಯಾಗೆ ಇಟ್ಕೊಳ್ಳಲಿ ಅಜ್ಜೀ, ಅಂದು ನೀಲವ್ವ ಸೀದಾ ರಾಜನ ಹತ್ತಿರ ಹೋದಳಂತೆ.

ಬುದ್ದೀ, ದನದ ಜಗಳ ಬಗೆಹರೀದಿದ್ದರೆ ಸಂಜೆ ಹಗ್ಗ ಬಿಚ್ಚಿ ಬಿಡ್ತೀವಿ, ಅದು ಯಾರ ಬಾಗಿಲಿಗೆ ಹೋಗಿ ನಿಲ್ಲುತ್ತೋ ಅವರದು. ಇದಕ್ಕೂ ಹಾಗೇ ಮಾಡೋಣ. ರಾಜ ಒಪ್ಪಿದ. ಆದರೆ ತೀರ್ಮಾನ ಆಗದಿದ್ದರೆ ನೀನು ಮಗಳ ಸಮೇತ ಊರು ಬಿಡಬೇಕು ಅಂದ.

ಸಂಜೆ ಬೀಗ ತೆಗೆದು ಗಂಟು ಬಿಚ್ಚಿದಳು. ಓಲೆ ಮಿಸುಕಲಿಲ್ಲ. ರಾಜ ಕಾದ, ಲೆಕ್ಕ ಬರೆಯುವ ಕರಣಿಕ ಆಕಳಿಸಿದ. ಬಿಟ್ಟಾಯ್ತಾ, ಅಂತ ಓಬುಳಮ್ಮನ ಮೊಮ್ಮಗಳು ಬೇಲಿಯಾಚೆಯಿಂದ ಕೇಳಿತು. ಬಿಟ್ಟಾಯ್ತು ಮಗಾ, ಅಂದಳು ನೀಲವ್ವ. ತಗೋ, ಎರಡು ಕೇರಿಯ ಮಕ್ಕಳೂ ಮೂರು ದಿನ ತಡೆದಿಟ್ಟ ಅವ್ವಾ ಅನ್ನುವುದನ್ನೆಲ್ಲ ಒಟ್ಟಿಗೆ ಕೂಗಿದವು. ಅಲ್ಲಿ ಮುದುಕಿಯರು ಕೋಲೂರಿಕೊಂಡು ಬಾಗಿಲಿಗೆ ಬಂದರು, ಇಲ್ಲಿ ತಾಯಂದಿರು ಹಿಟ್ಟಿನ ಕೈಯಲ್ಲೇ ಬಂದರು.

ರಾಜ ಸಿಡುಕಿದ. ಎರಡು ಬಾಗಿಲಿಗೆ ಹೋಯ್ತಲ್ಲ! ಕಟ್ಟು ನಿನ್ನ ಗಂಟು.

ನೀಲವ್ವ, ಬುದ್ದೀ, ಒಳಗಿದ್ದಾಗ ಕರು ಹಾಕಿದೆ, ಅಂದಳಂತೆ. ಒಂದು ಹೋಗಿತ್ತು, ಎರಡು ಹೊರಬಂತು.

ರಾಜ ಗಡ್ಡ ಕೆರೆದುಕೊಂಡ. ತಾಯಿ ಯಾವುದು, ಕರು ಯಾವುದು?

ಅದನ್ನ ನೋಡೋಕೆ ಪುರುಸೊತ್ತಾಗಲಿಲ್ಲ ಬುದ್ದೀ, ನನ್ನ ಮಗು ಅಳ್ತಿತ್ತು.

ದೊಡ್ಡಿಯಲ್ಲಿ ದನ ಈಯುವುದು ಹೊಸದೇನಲ್ಲ ಅಂತ ಕರಣಿಕನೂ ಹೇಳಿದ. ರಾಜನಿಗೆ ಸಮಾಧಾನವಾಗಿ, ಉಳಿದೆರಡು ಮಾತೂ ಗಬ್ಬವೇ ಇರಬೇಕು, ಪಾಪ, ಅಲ್ಲಿ ಕಟ್ಟಬೇಡಿ ಅಂದು ಅವನ್ನೂ ಬಿಡಿಸಿದನಂತೆ.

ನೀಲವ್ವ ಮನೆಗೆ ಓಡಿದಳು. ಹೊನ್ನಿ ಹೊಸಿಲ ಮೇಲೆ ಕೂತಿತ್ತು. ಈಗ ಕರಿ ಕಂದಾ ಅಂದರೆ ಅದಕ್ಕೆ ನಂಬಿಕೆ ಇಲ್ಲ. ಆಮೇಲೆ ಮೆಲ್ಲಗೆ, ಅವ್ವಾ, ಅಂತು. ಹೂಂ ಅಂದಳು. ಅವ್ವಾ. ಹೂಂ. ಏನೂ ಬೇಕಿರಲಿಲ್ಲ, ಸುಮ್ಮನೆ ಕರೆಯಿತು, ಕರೆಯುತ್ತಲೇ ತೊಡೆಯ ಮೇಲೆ ನಿದ್ದೆಹೋಯ್ತಂತೆ. ಕತೆಯೂ ಅಲ್ಲೇ ಮಲಗಿತು, ನೀನೂ ಮಲಗು.