ಎರಡು ಮಡಕೆಯ ಹೊತ್ತು

ಕೇಳುವವರು ಕೂತ್ಕೊಳ್ಳಿ, ನಡುವೆ ಎದ್ದು ಹೋಗುವವರು ಈಗಲೇ ಹೋಗಿಬಿಡಿ. ಆಮೇಲೆ ಎದೆ ಹೊಡೆದುಕೊಂಡು ನನ್ನನ್ನು ಬೈಯಬೇಡಿ. ಈ ಕತೆ ಮೊದಲ ಸಲ ಕೇಳಿದಾಗ ನಾನೂ ತೆರೆದ ಬಾಯಿ ಮುಚ್ಚೋದು ಮರೆತಿದ್ದೆ.

ಕೆಮ್ಮಣ್ಣುಹಟ್ಟಿಯಲ್ಲಿ ಮಾರಕ್ಕ ಅಂತ ಒಬ್ಬ ಕುಂಬಾರಗಿತ್ತಿ. ಗಂಡ ಇಲ್ಲ. ಇದ್ದವನು ಒಬ್ಬನೇ ಮಗ, ತಿಪ್ಪ. ಅವನ ಕೈ ತಿರುಗುವ ತಿಗರಿಯ ಮೇಲಿನ ಮಣ್ಣಿಗೆ ತಾಗಿದರೆ ಸಾಕು, ಮಡಕೆ ತಾನಾಗಿ ಏಳುತ್ತಿತ್ತು. ಸುಟ್ಟ ಮೇಲೆ ಬೆರಳಲ್ಲಿ ತಟ್ಟಿದರೆ ಠಣ್ ಅನ್ನುತ್ತಿತ್ತು. ಆದರೆ ತಿಗರಿ ಬಿಟ್ಟು ಎದ್ದನೋ, ಮುಗೀತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಪೆದ್ದ, ಒಂದು ಕೂದಲಷ್ಟೂ ಆಚೀಚೆ ಇಲ್ಲ. "ನಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ಯಾರು ಗತಿ? ಒಬ್ಬ ಸೊಸೆ ಬಂದುಬಿಟ್ರೆ ಸಾಕು ಕಣ್ರವ್ವಾ" ಅಂತ ಮಾರಕ್ಕ ಕಂಡಕಂಡವರ ಹತ್ತಿರ ಕಣ್ಣೀರು ಹಾಕುತ್ತಿದ್ದಳು. ಅವಳಿಗೆ ಇದ್ದದ್ದು ಅದೊಂದೇ ಆಸೆ.

ಒಂದಿನ ಮಾರಕ್ಕ ಮಗನಿಗೆ ಬುದ್ಧಿ ಹೇಳಿದಳು. "ಮಂದಿ ಮನೆ ಬಾಗಿಲಿಗೆ ಹೋಗಬಾರದು ಕಣ್ಲಾ. ನಮಗೆ ಬೇಕಾದ್ದು ನಾವೇ ಮಾಡ್ಕೋಬೇಕು."

"ಆಗಲಿ ಕಣವ್ವ" ಅಂದ ತಿಪ್ಪ.

ಅವತ್ತು ಮನೆಯಲ್ಲಿ ಎಣ್ಣೆ ಮುಗಿದಿತ್ತು. ತಿಪ್ಪ ಏನು ಮಾಡಿದ? ಸುಟ್ಟ ಮಡಕೆಗೆ ಹುಚ್ಚೆಳ್ಳು ಸುರಿದ, ಒನಕೆ ಎತ್ತಿ ಕುಟ್ಟಿದ. ಒಂದೇ ಏಟಿಗೆ ಮಡಕೆ ಒಡೆಯಿತು. ಇನ್ನೊಂದು ಮಡಕೆ ತಂದ, ಕುಟ್ಟಿದ, ಅದೂ ಒಡೆಯಿತು. ಮಾರಕ್ಕ ಕೆರೆಯಿಂದ ಮಣ್ಣು ಹೊತ್ತು ಬಂದು ನೋಡುತ್ತಾಳೆ, ಅಂಗಳದ ತುಂಬ ಬರೀ ಬೋಕಿ ಚೂರು. ತಿಗರಿಯ ಮೇಲೆ ಇಟ್ಟಿದ್ದ ಮಣ್ಣು ಒಣಗಿ ಕಲ್ಲಾಗಿತ್ತು. ಎಣ್ಣೆ ಮಾತ್ರ ಒಂದು ತೊಟ್ಟೂ ಇಲ್ಲ.

"ಅಯ್ಯೋ ಪಾಪಿ, ಇದೇನ್ಲಾ ಇದು?"

"ಎಣ್ಣೆ ಮಾಡ್ತಿದೀನಿ ಕಣವ್ವ. ನಾವೇ ಮಾಡ್ಕೋಬೇಕು ಅಂತ ನೀನೇ ಹೇಳಿದ್ಯಲ್ಲ."

"ಎಣ್ಣೆ ತೆಗೆಯೋಕೆ ಗಾಣದೋರು ಇಲ್ವೇನ್ಲಾ? ಅವರಿಗೊಂದು ಮಡಕೆ ಕೊಟ್ಟಿದ್ರೆ ಎಣ್ಣೆ ಕೊಡ್ತಿದ್ರು. ಅವರಿಗೂ ಲಾಭ, ನಮಗೂ ಲಾಭ. ಇನ್ಮೇಲೆ ಯಾರ ಕೆಲಸ ಅವರಿಗೆ ಬಿಡು. ಮಡಕೆ ಕೊಡು, ಅವರ ಕೈಲಿ ಮಾಡಿಸ್ಕೋ."

"ಆಗಲಿ ಕಣವ್ವ."

ಮಡಕೆ ಸುಡುವ ದಿನ ಬಂತು. ಆವಿಗೆಗೆ ಬೆಂಕಿ ಇಟ್ಟು, ನೋಡ್ಕೋ ಅಂತ ಹೇಳಿ ಮಾರಕ್ಕ ಸೌದೆಗೆ ಹೋದಳು. ಗಾಳಿ ಬೀಸಿತು, ಒಂದು ಕಿಡಿ ಹಾರಿ ಗುಡಿಸಲಿನ ಹುಲ್ಲಿಗೆ ಬಿತ್ತು. ಹುಲ್ಲು ಹೊಗೆಯಾಡಿತು. ಪಕ್ಕದಲ್ಲೇ ಬಾನಿ ತುಂಬ ನೀರು ಇತ್ತು. ತಿಪ್ಪ ನೀರು ನೋಡಿದ, ಬೆಂಕಿ ನೋಡಿದ, ಒಂದು ಮಡಕೆ ಬಗಲಿಗೆ ಇಟ್ಟುಕೊಂಡು ಕೆರೆ ಏರಿಯ ಕಡೆ ಓಡಿದ. ಅಲ್ಲಿ ಗದ್ದೆಗೆ ನೀರು ಬಿಡುವ ನೀರಗಂಟಿ ಇದ್ದ. ಅವನಿಗೆ ಮಡಕೆ ಕೊಟ್ಟು ಕರೆದುಕೊಂಡು ಬಂದ. ಅವನು ಸನಿಕೆ ಹೆಗಲಿಗೇರಿಸಿ ಬರುವ ಹೊತ್ತಿಗೆ ಗುಡಿಸಲು ಎಲ್ಲಿದೆ? ನಾಲ್ಕು ಮಣ್ಣುಗೋಡೆ ಆಕಾಶ ನೋಡುತ್ತಾ ನಿಂತಿದ್ದವು.

ಮಾರಕ್ಕನ ತಲೆ ಮೇಲಿದ್ದ ಸೌದೆ ಹೊರೆ ಅಲ್ಲೇ ಬಿತ್ತು. "ಬಾನಿ ನೀರು ಎತ್ತಿ ಹಾಕೋಕೆ ನಿನಗೇನಾಗಿತ್ಲಾ?"

"ನೀರು ಬಿಡೋದು ನೀರಗಂಟಿ ಕೆಲಸ ಅಲ್ವೇನವ್ವ?"

ನೀರಗಂಟಿ ಪಾಪ, ಮಡಕೆ ಅಲ್ಲೇ ಇಟ್ಟು ಮೆಲ್ಲಗೆ ಜಾರಿಕೊಂಡ. ಮಾರಕ್ಕ ಬೂದಿಯ ಮೇಲೆ ಕೂತು ಹೇಳಿದಳು, "ಒಂದು ಕೆಲಸಕ್ಕೆ ಕೈ ಹಾಕಿದ್ರೆ ಇನ್ನೊಂದು ಕೈ ತಪ್ಪುತ್ತೆ ಕಣ್ಲಾ. ನೀನು ಏರಿಗೆ ಓಡಿದೆ, ಮನೆ ಹೋಯ್ತು. ಇನ್ಮೇಲೆ ಏನು ಮಾಡೋಕೂ ಮುಂಚೆ ಯೋಚನೆ ಮಾಡು, ಇದನ್ನ ಹಿಡಿದ್ರೆ ಯಾವುದನ್ನ ಕಳ್ಕೋತೀನಿ ಅಂತ."

"ಆಗಲಿ ಕಣವ್ವ."

ಊರವರು ಹುಲ್ಲು ಕೊಟ್ಟರು, ಗುಡಿಸಲು ಎದ್ದಿತು. ಮಾರಕ್ಕ ಮಗನ ತಲೆ ಮೇಲೆ ಮಡಕೆಯ ಬುಟ್ಟಿ ಹೊರಿಸಿ ಸಂತೆಗೆ ಕಳಿಸಿದಳು. ಆ ಸೀಮೆಯಲ್ಲಿ ಮಡಕೆಗೆ ದುಡ್ಡು ಕೊಡುವುದಿಲ್ಲ, ಮಡಕೆ ತುಂಬ ರಾಗಿ ಅಳೆದು ಕೊಟ್ಟು ಮಡಕೆ ಒಯ್ಯುತ್ತಾರೆ. ಒಬ್ಬ ಹೆಂಗಸು ಬಂದಳು, ತಟ್ಟಿ ನೋಡಿದಳು, ರಾಗಿ ಚೀಲ ಬಿಚ್ಚಿದಳು. ತಿಪ್ಪ ಯೋಚನೆಗೆ ಕೂತ. ರಾಗಿ ತಗೊಂಡರೆ ಮಡಕೆ ಹೋಗುತ್ತೆ. ಮಡಕೆ ಇಟ್ಕೊಂಡರೆ ರಾಗಿ ಹೋಗುತ್ತೆ. ಹ್ಯಾಗೆ ನೋಡಿದರೂ ಒಂದು ಹೋಗುತ್ತೆ. ಕೊನೆಗೆ ಕಲ್ಲು ತಗೊಂಡು ಮಡಕೆಯನ್ನು ಎರಡು ಹೋಳು ಮಾಡಿದ. "ತಗೋ ಅಕ್ಕ, ಅರ್ಧ ನಿನಗೆ, ಅರ್ಧ ನನಗೆ. ರಾಗಿನೂ ಅರ್ಧ ಕೊಡು, ಯಾರಿಗೂ ಯಾವುದೂ ಹೋಗಬಾರದು."

ಆ ಹೆಂಗಸು ಚೀಲ ಎತ್ತಿಕೊಂಡು ತಿರುಗಿ ನೋಡದೆ ಓಡಿದಳು. ಆಮೇಲೆ ಬಂದವರಿಗೂ ಹಾಗೇ ಆಯಿತು. ಸಂಜೆ ತಿಪ್ಪ ಬುಟ್ಟಿ ತುಂಬ ಅರ್ಧರ್ಧ ಮಡಕೆ ಹೊತ್ತು ನಗುನಗುತ್ತಾ ಮನೆಗೆ ಬಂದ.

ಮಾರಕ್ಕ ಬುಟ್ಟಿ ಇಳಿಸಿ ನೋಡಿದಳು. ನೀರು ಕುಡಿದು, ಸುಧಾರಿಸಿಕೊಂಡು ಹೇಳಿದಳು. "ಎರಡೂ ಬೇಕು ಅಂದ್ರೆ ಎರಡೂ ಹೋಗುತ್ತೆ ಕಣಪ್ಪಾ. ನೀನೇನೂ ಯೋಚನೆ ಮಾಡಬೇಡ. ನಿನ್ನ ಕೈ ಚುರುಕಾಗಿರೋದು ತಿಗರಿ ಮೇಲೆ. ಬೇರೆ ಕೆಲಸ ಏನೇ ಬರಲಿ, ನಿನಗಿಂತ ಕೈ ಚುರುಕಾಗಿರೋನನ್ನ ನೋಡಿ ಅವನ ಕೈಗೆ ಕೊಟ್ಟುಬಿಡು. ಅಷ್ಟು ಹೊತ್ತಲ್ಲಿ ನೀನು ಎರಡು ಮಡಕೆ ಮಾಡು."

"ಆಗಲಿ ಕಣವ್ವ."

ಈ ಮಾತು ಮಾತ್ರ ಕೈ ಹಿಡಿಯಿತು. ತಿಪ್ಪ ತಿಗರಿ ಬಿಟ್ಟು ಏಳಲಿಲ್ಲ. ಸಂತೆಗೆ ಬೇರೆಯವರು ಹೋದರು, ಸೌದೆ ಬೇರೆಯವರು ತಂದರು, ಅವರಿಗೆಲ್ಲ ಮಡಕೆ ಹೋಯಿತು, ಮನೆಯಲ್ಲಿ ರಾಗಿ ತುಂಬಿತು. ಮೇಗಳಹಟ್ಟಿಯ ಕುಂಬಾರ ಹಾಲಪ್ಪ ಅವನ ಮಡಕೆಯನ್ನು ತಟ್ಟಿ ನೋಡಿ, "ಇಂಥ ಕೈಗೆ ನನ್ನ ಮಗಳು ಗಂಗೀನ ಕೊಡ್ತೀನಿ" ಅಂದ. ಮಾರಕ್ಕ ಸೆರಗಲ್ಲಿ ಕಣ್ಣೊರೆಸಿಕೊಂಡಳು. ಅಂಗಳದಲ್ಲೇ ಚಪ್ಪರ ಹಾಕಿದರು.

ಮದುವೆ ದಿನ ತಿಪ್ಪ ಬಾಸಿಂಗ ಕಟ್ಟಿಕೊಂಡು ಹಸೆಮಣೆ ಮೇಲೆ ನಿಂತ. ಗಟ್ಟಿಮೇಳ ಶುರುವಾಯಿತು. ಕೈಗೆ ತಾಳಿ ಕೊಟ್ಟರು. ತಿಪ್ಪ ಒಂದು ಗಂಟು ಹಾಕಿದ, ಜಾರಿತು. ಮತ್ತೆ ಹಾಕಿದ, ಮತ್ತೆ ಜಾರಿತು. ಮಣ್ಣು ತಟ್ಟುವ ಕೈಗೆ ದಾರ ಎಲ್ಲಿ ನಿಲ್ಲುತ್ತೆ? ಪಕ್ಕದಲ್ಲೇ, ಮದುವೆಗೆ ಬಂದಿದ್ದ ದೂರದೂರಿನ ಕುಂಬಾರ ಹುಡುಗ, ಕೊಲ್ಲಾರಿ ಅನ್ನುವವನು, ಅಕ್ಷತೆ ಹಿಡಿದು ನಿಂತಿದ್ದ. ಬೆಳಿಗ್ಗೆ ಅವನು ಕತ್ತೆಯ ಮೇಲಿನ ಮಡಕೆ ಹೇರಿನ ಹಗ್ಗವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಬಿಗಿದದ್ದನ್ನು ತಿಪ್ಪ ನೋಡಿದ್ದ.

"ಅಣ್ಣಾ, ನಿನ್ನ ಕೈ ಚುರುಕು. ಇದನ್ನ ನೀನೇ ಕಟ್ಟಿಬಿಡು" ಅಂದವನೇ ತಾಳಿ ಅವನ ಕೈಗೆ ಹಾಕಿ ಹಸೆಮಣೆ ಇಳಿದು ಹೋದ.

ಕೊಲ್ಲಾರಿ ಮೊದಲೇ ಹೊರಗಿನವನು, ಇದು ಈ ಊರ ಪದ್ಧತಿ ಅಂದುಕೊಂಡ. ವಾಲಗದ ಗದ್ದಲದಲ್ಲಿ ಯಾರೋ ಬೇಡ ಬೇಡ ಅಂದದ್ದು ಅವನಿಗೆ ಕೇಳಿಸಲಿಲ್ಲ. ಮೂರು ಗಂಟು ಬಿದ್ದೇ ಬಿಟ್ಟಿತು, ಅದೂ ಎಂಥ ಗಂಟು! ಅಕ್ಷತೆಯೂ ಬಿತ್ತು. ಆಮೇಲೆ ವಾಲಗ ನಿಂತಿತು. ಹಾಲಪ್ಪನ ರುಮಾಲು ಬಿಚ್ಚಿ ಹೆಗಲಿಗೆ ಬಿದ್ದರೂ ಅವನಿಗೆ ಗೊತ್ತಾಗಲಿಲ್ಲ. ಗಂಗಿ ತಲೆ ಎತ್ತಿ ನೋಡುತ್ತಾಳೆ, ಎದುರಿಗೆ ನಿಂತಿರುವವನು ಬೇರೆ.

"ನನ್ನ ಮಗ ಎಲ್ಲಿ?" ಅಂದಳು ಮಾರಕ್ಕ.

ಹಿತ್ತಲಿನಿಂದ ತಿಗರಿ ತಿರುಗುವ ಸದ್ದು ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ತಿಪ್ಪ ಬಾಸಿಂಗದಲ್ಲೇ ಬಂದ, ಎರಡೂ ಕೈಯಲ್ಲಿ ಒಂದೊಂದು ಹಸಿ ಮಡಕೆ. ಮದುವೆ ಪಂಚೆ ಪೂರ್ತಿ ಕೆಸರು.

"ನೋಡವ್ವ, ಅವನು ಗಂಟು ಹಾಕೋ ಹೊತ್ತಿಗೆ ನನ್ನದು ಎರಡು ಮಡಕೆ ಆಯ್ತು. ಅವನಿಗೂ ಲಾಭ, ನಮಗೂ ಲಾಭ."

ಈ ಸಲ ಮಾರಕ್ಕ ಬುದ್ಧಿ ಹೇಳಲು ಹೋಗಲಿಲ್ಲ. ನೆಲಕ್ಕೆ ಕುಸಿದು, "ಸೊಸೆ ಹೋದಳಲ್ಲೋ ಮಗನೇ, ಇನ್ನು ನಿನ್ನ ಜೊತೆ ಸಂಸಾರ ಮಾಡೋರು ಯಾರೋ" ಅಂತ ಅತ್ತಳು.

ತಿಪ್ಪ ಕೊಲ್ಲಾರಿಯನ್ನು ಮೇಲಿಂದ ಕೆಳಗೆ ನೋಡಿದ. "ಅಳಬೇಡ ಕಣವ್ವ. ಸಂಸಾರ ಮಾಡೋದ್ರಲ್ಲೂ ಅವನ ಕೈಯೇ ಚುರುಕಾಗಿರಬೇಕು. ಅವನೇ ಮಾಡ್ಲಿ ಬಿಡು. ಆ ಹೊತ್ತಲ್ಲಿ ಎಷ್ಟು ಮಡಕೆ ಮಾಡಬೋದು ಗೊತ್ತೇನು?" ಅಂದವನೇ ಹಿತ್ತಲಿಗೆ ಹೋಗಿ ಮತ್ತೆ ತಿಗರಿ ತಿರುಗಿಸಿದ.