ಕೆಂಚಮ್ಮನ ಪಂಕ್ತಿಯಿಂದ ಎದ್ದುಹೋದ ಮಂಗಟ್ಟೆ

ಮಕ್ಕಳೇ, ದೊಡ್ಡ ಕಾಡಿನ ನಡುವೆ ಒಂದು ಹಳ್ಳ, ಹಳ್ಳದ ದಡದಲ್ಲಿ ಒಂದು ಚಪ್ಪಟೆ ಬಂಡೆ, ಬಂಡೆಗೆ ನೆರಳು ಕೊಡುವ ಒಂದು ಅತ್ತಿಮರ. ಆ ಮರದ ಮೇಲೆ ಕೆಂಚಮ್ಮ ಎಂಬ ಕೆಂದಳಿಲಿನ ಮನೆ. ಕೆಂದಳಿಲು ಎಂದರೆ ನಿಮ್ಮ ಅಂಗಳದಲ್ಲಿ ಓಡಾಡುವ ಮೂರು ಗೆರೆಯ ಪುಟಾಣಿ ಅಂದುಕೊಳ್ಳಬೇಡಿ. ಬೆಕ್ಕಿನಷ್ಟು ದೊಡ್ಡದು, ಬೆನ್ನೆಲ್ಲ ಕೆಂಪು, ಬಾಲವಂತೂ ಮೈಗಿಂತ ಉದ್ದ.

ಕೆಂಚಮ್ಮನ ಕೈ ಧಾರಾಳ. ಊಟಕ್ಕೆ ಕರೆದಳೆಂದರೆ ಒಂದಾದ ಮೇಲೊಂದು ಬಡಿಸುತ್ತಲೇ ಇರುವಳು. ಆದರೆ ಅವಳ ನಾಲಿಗೆ ಕೈಗಿಂತ ಚುರುಕು. ಬಡಿಸಿದ್ದನ್ನು ಬಾಯ್ತುಂಬ ಹೊಗಳಬೇಕು. ಹೊಗಳದಿದ್ದರೆ ಮುಗಿಯಿತು, ಮೂಗಿನ ತುದಿಯಲ್ಲೇ ಸಿಟ್ಟು.

ಆ ಬೇಸಿಗೆಯಲ್ಲಿ ಅವಳಿಗೊಂದು ಕೊರಗು ಹತ್ತಿತ್ತು. ಅವಳ ಪ್ರಾಣದ ಗೆಳತಿ ಹೊನ್ನಿ ಎಂಬ ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿ ಬಹಳ ದಿನಗಳಿಂದ ಮುಖವನ್ನೇ ತೋರಿಸಿರಲಿಲ್ಲ. ಹೊನ್ನಿಯ ಗಂಡ ಕೊಂಬಣ್ಣನನ್ನು ಕೇಳಿದರೆ, "ಅವಳಿಗೆ ಈಗ ಬರೋಕಾಗಲ್ಲ" ಎಂದಷ್ಟೇ ಹೇಳಿ ರೆಕ್ಕೆ ಬಡಿಯುತ್ತ ಹೋಗಿಬಿಡುವನು. ನನ್ನ ಮೇಲೆ ಮುನಿದಳೇ? ಹೊಸ ಗೆಳತಿಯರು ಸಿಕ್ಕಿದರೇ? ಕೆಂಚಮ್ಮನಿಗೆ ಯೋಚಿಸಿ ಯೋಚಿಸಿ ಸಾಕಾಯಿತು. ಕೊನೆಗೆ ಒಂದು ಔತಣವನ್ನೇ ಇಟ್ಟುಕೊಂಡಳು. ತನ್ನ ಕೈರುಚಿಗೆ ಸೋಲದೆ ಹೊನ್ನಿ ಎಲ್ಲಿ ಹೋಗುತ್ತಾಳೆ, ಬಂದೇ ಬರುತ್ತಾಳೆ ಎಂದುಕೊಂಡಳು.

ಔತಣದ ದಿನ ಬಂಡೆಯ ಮೇಲೆ ಸಾಲಾಗಿ ಮುತ್ತುಗದ ಎಲೆ ಹಾಸಿದಳು. ಹಳ್ಳದಿಂದ ಆಮೆ ಬೊಮ್ಮಜ್ಜ ತೆವಳಿಕೊಂಡು ಬಂದ. ಮರದಿಂದ ಕಪ್ಪು ಮೋರೆಯ ಮುಸುವ ಕರಿಯಣ್ಣ ಧುಮುಕಿದ. ಆಮೇಲೆ ಆಕಾಶದಲ್ಲಿ ಭಸ್ ಭಸ್ ಎಂದು ರೆಕ್ಕೆಯ ಸದ್ದಾಯಿತು. ಕೆಂಚಮ್ಮ ಆಸೆಯಿಂದ ತಲೆಯೆತ್ತಿದಳು. ಬಂದವನು ಕೊಂಬಣ್ಣ ಒಬ್ಬನೇ. ಗರಿಗಳೆಲ್ಲ ಕೆದರಿ, ಎದೆ ಬಡಕಲಾಗಿತ್ತು. ಹೊನ್ನಿ ಎಲ್ಲಿ ಎಂದು ಕೇಳಿದ್ದಕ್ಕೆ ಮತ್ತೆ ಅದೇ ಮಾತು, ಬರೋಕಾಗಲ್ಲ. ಕೆಂಚಮ್ಮನ ಮುಖ ಸಪ್ಪೆಯಾಯಿತು.

ಆದರೂ ಬಡಿಸಲು ನಿಂತಳು. ಮೊದಲು ಬಾಯಿ ಚುರುಗುಡಿಸುವ ಹುಳಿ ಕವಳಿಕಾಯಿ. ಆಮೇಲೆ ಎಳೆ ಚಿಗುರಿನ ಕೋಸಂಬರಿ. ಅದರ ಹಿಂದೆ ಕೆಂಪಗೆ ಕಳಿತ ಅತ್ತಿಹಣ್ಣು, ಗೇರುಹಣ್ಣಿನ ಹೋಳು, ಕಾಡುಮಾವಿನ ತಿರುಳು. ಕರಿಯಣ್ಣ ಒಂದೊಂದಕ್ಕೂ ತಲೆದೂಗಿದ. ಬೊಮ್ಮಜ್ಜ ಕಣ್ಣು ಮುಚ್ಚಿಕೊಂಡು ಚಪ್ಪರಿಸಿದ. ಕೊಂಬಣ್ಣ ಮಾತ್ರ ಒಂದನ್ನೂ ಅಗಿಯಲಿಲ್ಲ. ಬಡಿಸಿದ್ದನ್ನೆಲ್ಲ ಕೊಕ್ಕಿನ ತುದಿಯಲ್ಲಿ ಹಿಡಿದು ಗಂಟಲಿಗೆ ಎಸೆದುಕೊಂಡ. ಚೆನ್ನಾಗಿದೆ ಎನ್ನಲಿಲ್ಲ, ಚೆನ್ನಾಗಿಲ್ಲ ಎಂದೂ ಅನ್ನಲಿಲ್ಲ. ನೋಡನೋಡುತ್ತಿದ್ದಂತೆ ಅವನ ಗಂಟಲು ಬುತ್ತಿಯ ಗಂಟಿನ ಹಾಗೆ ಉಬ್ಬಿಕೊಂಡಿತು.

ಕೆಂಚಮ್ಮನಿಗೆ ಉರಿದುಹೋಯಿತು. ಹೆಂಡತಿಗೆ ಬರಲು ಬಿಗುಮಾನ, ಗಂಡನಿಗೆ ಬಾಯಿ ಬಿಡಲು ಬಿಗುಮಾನ! ಹಿಂದುಮುಂದು ನೋಡದೆ ಎಲ್ಲರ ಎದುರಿಗೇ ಅಂದುಬಿಟ್ಟಳು: "ಕೊಂಬಣ್ಣ, ಇದು ಸ್ನೇಹಿತರು ಕೂತು ಉಣ್ಣೋ ಪಂಕ್ತಿ. ಸಿಕ್ಕಿದ್ದನ್ನೆಲ್ಲ ತುಂಬಿಕೊಂಡು ಹೋಗೋ ಸಂತೆಯಲ್ಲ. ರುಚಿ ಹಿಡಿಸದಿದ್ದರೆ ಏಳಬಹುದು."

ಕೊಂಬಣ್ಣ ಅವಳನ್ನೇ ನೋಡಿದ. ಕೊಕ್ಕು ತುಸು ಅಲುಗಿತು, ಮತ್ತೆ ಬಿಗಿದುಕೊಂಡಿತು. ಒಂದು ಮಾತೂ ಆಡದೆ ತಲೆ ತಗ್ಗಿಸಿ ಎದ್ದು ಹಾರಿಹೋದ.

ಬಂಡೆಯ ಮೇಲೆ ಯಾರೂ ಮುಂದಿನ ತುತ್ತು ಎತ್ತಲಿಲ್ಲ. ಪಂಕ್ತಿಯಲ್ಲಿ ಕೂತವರನ್ನು ಊಟದ ನಡುವೆ ಎಬ್ಬಿಸುವುದೆಂದರೆ ಸಣ್ಣ ತಪ್ಪಲ್ಲ ಮಕ್ಕಳೇ. ಬೊಮ್ಮಜ್ಜ ಕತ್ತು ಹೊರಗೆ ಚಾಚಿ ಹೇಳಿದ: "ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ಬಂದು ಕೂರೋವರೆಗೆ ನಾನಂತೂ ಈ ಎಲೆ ಬಿಟ್ಟು ಏಳಲ್ಲ ಮಗಳೇ."

ಕೆಂಚಮ್ಮನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಹೊನ್ನಿಯನ್ನೇ ನೇರವಾಗಿ ಕೇಳಿಬಿಡುತ್ತೇನೆ ಎಂದು ಕೊಂಬೆಯಿಂದ ಕೊಂಬೆಗೆ ಜಿಗಿಯುತ್ತ ಕೊಂಬಣ್ಣನ ಬೆನ್ನು ಹತ್ತಿದಳು. ಅವನು ಕಾಡಿನ ಒಳಗೊಳಗೆ ಹೋಗಿ, ತುದಿ ಕಾಣದಷ್ಟು ಎತ್ತರದ ಒಂದು ಹೊನ್ನೆಮರದಲ್ಲಿ ಕೂತ. ಕೆಂಚಮ್ಮ ಎದುರಿನ ಮರದ ಎಲೆಗಳ ಸಂದಿಯಿಂದ ಇಣುಕಿದಳು.

ಹೊನ್ನೆಮರದ ಕಾಂಡದಲ್ಲಿ ಒಂದು ಪೊಟರೆ. ಅದರ ಬಾಯಿಗೆ ಯಾರೋ ಮೆತ್ತಿ ಮೆತ್ತಿ ಗೋಡೆ ಕಟ್ಟಿದ್ದರು. ನಡುವೆ ಬೆರಳು ತೂರುವಷ್ಟು ಅಗಲದ ಒಂದು ಸೀಳು. ಕೊಂಬಣ್ಣ ಕೊಕ್ಕಿನಿಂದ ಮೆಲ್ಲಗೆ ತಟ್ಟಿದ. ಸೀಳಿನಿಂದ ಇನ್ನೊಂದು ಕೊಕ್ಕಿನ ತುದಿ ಹೊರಗೆ ಬಂತು. ಕೆಂಚಮ್ಮನಿಗೆ ಆ ಕೊಕ್ಕಿನ ಗುರುತು ಸಿಗದೇ ಇರುತ್ತದೆಯೇ? ಅದು ಹೊನ್ನಿಯದು.

ಆಮೇಲೆ ನಡೆದದ್ದನ್ನು ನೋಡಿ ಕೆಂಚಮ್ಮ ಉಸಿರಾಡುವುದನ್ನೇ ಮರೆತಳು. ಕೊಂಬಣ್ಣ ಕತ್ತು ಕೊಂಕಿಸಿ ಗಂಟಲಿನಿಂದ ಒಂದು ಕವಳಿಕಾಯಿ ತೆಗೆದ. ಅದಕ್ಕೊಂದು ಗೀರೂ ಬಿದ್ದಿರಲಿಲ್ಲ. ಸೀಳಿನೊಳಗೆ ಕೊಟ್ಟ. ಆಮೇಲೆ ಚಿಗುರು. ಆಮೇಲೆ ಅತ್ತಿಹಣ್ಣು, ಗೇರಿನ ಹೋಳು, ಮಾವಿನ ತಿರುಳು. ಬಂಡೆಯ ಮೇಲೆ ಅವಳು ಯಾವುದರ ಹಿಂದೆ ಯಾವುದನ್ನು ಬಡಿಸಿದ್ದಳೋ ಅದೇ ಸಾಲಿನಲ್ಲಿ, ಇಡೀ ಔತಣವೇ ಆ ಗಂಟಲಿನಿಂದ ಬಂತು. ಒಂದು ಚೂರನ್ನೂ ಅವನು ತನಗೆಂದು ಇಟ್ಟುಕೊಳ್ಳಲಿಲ್ಲ. ಒಳಗಿನಿಂದ ಮರಿಗಳ ಕಿಚಿಪಿಚಿ ಕೇಳಿಸಿತು.

ಮಂಗಟ್ಟೆಗಳ ಪದ್ಧತಿಯೇ ಹಾಗೆ. ಮೊಟ್ಟೆ ಇಡುವ ಕಾಲಕ್ಕೆ ತಾಯಿ ಪೊಟರೆ ಹೊಕ್ಕು ಬಾಗಿಲು ಮುಚ್ಚಿಕೊಳ್ಳುತ್ತಾಳೆ. ರೆಕ್ಕೆಯ ಗರಿಗಳನ್ನೂ ಉದುರಿಸಿಬಿಡುತ್ತಾಳೆ. ಹೊರಗಿರುವ ಗಂಡ ತಂದರೆ ಊಟ, ತರದಿದ್ದರೆ ಇಲ್ಲ. ಮೊಟ್ಟೆ ಇಟ್ಟ ಮನೆಯ ಸುದ್ದಿಯನ್ನು ಬಯಲಲ್ಲಿ ಆಡಬಾರದು, ಹಾವಿಗೂ ಹದ್ದಿಗೂ ಕಿವಿಯಿರುತ್ತದೆ ಎಂಬುದು ಅವರ ಕುಲದ ಕಟ್ಟು. ಅದಕ್ಕೇ ಕೊಂಬಣ್ಣ ಹೆಂಡತಿಯ ಸುದ್ದಿ ಹೇಳಿರಲಿಲ್ಲ. ಪಂಕ್ತಿಯಲ್ಲಿ ಬಾಯಿ ಬಿಟ್ಟಿದ್ದರೆ ಹೊನ್ನಿಯ ಊಟ ಮಣ್ಣುಪಾಲಾಗುತ್ತಿತ್ತು.

ಒಳಗಿನಿಂದ ಹೊನ್ನಿಯ ದನಿ ಬಂತು: "ಇದು ನಮ್ಮ ಕೆಂಚಿಯ ಕೈರುಚಿ. ಕವಳಿ ಬಾಯಿಗಿಟ್ಟ ಕೂಡಲೇ ಗೊತ್ತಾಯ್ತು. ನೀವು ಉಂಡಿರಾ?"

"ಹೊಟ್ಟೆ ಬಿರಿಯೋ ಹಾಗೆ ಬಡಿಸಿದಳು" ಎಂದ ಕೊಂಬಣ್ಣ. ಅವನ ಹೊಟ್ಟೆ ಬೆನ್ನಿಗೆ ಹತ್ತಿತ್ತು.

"ಮತ್ತೆ ಸಿಹಿ? ಸಿಹಿ ಬಡಿಸದೆ ಕೆಂಚಿ ಯಾರನ್ನೂ ಎಬ್ಬಿಸೋಳಲ್ಲವಲ್ಲ."

ಕೊಂಬಣ್ಣ ಖಾಲಿ ಕೊಕ್ಕನ್ನು ಕೊಂಬೆಗೆ ಉಜ್ಜಿದ. ಎದುರಿನ ಮರದಲ್ಲಿ ಕೆಂಚಮ್ಮನ ಕಣ್ಣಲ್ಲಿ ನೀರು ತುಂಬಿತು. ಅಯ್ಯೋ, ಎಂಥ ಜೀವವನ್ನು ಎಲೆಯಿಂದ ಎಬ್ಬಿಸಿಬಿಟ್ಟೆ ಎಂದು ಮನಸ್ಸು ಚುರುಕ್ಕೆಂದಿತು. ತಿರುಗಿ ಓಡಿದಳು ನೋಡಿ, ಅವಳ ಬಾಲವೂ ಅವಳನ್ನು ಹಿಡಿಯಲಾರದಷ್ಟು ಜೋರಾಗಿ.

ಬಂಡೆಯ ಮೇಲೆ ಎಲ್ಲರೂ ಕೂತೇ ಇದ್ದರು. ಕೆಂಚಮ್ಮ ಕೊನೆಗೆಂದು ಎತ್ತಿಟ್ಟಿದ್ದ ಹಲಸಿನ ತೊಳೆಯನ್ನು ಜೇನಿನಲ್ಲಿ ಅದ್ದಿ ಬಾಯಲ್ಲಿ ಕಚ್ಚಿ ಹಿಡಿದಳು. ಎಲ್ಲಿಗೆ ಹೋಗಿದ್ದೆ, ಈಗ ಎಲ್ಲಿಗೆ ಹೊರಟೆ, ಸಿಹಿ ನಮಗಿಲ್ಲವೇ ಎಂದು ಕರಿಯಣ್ಣ ಒಂದೇ ಸಮನೆ ಕೇಳಿದ. ಕೆಂಚಮ್ಮ ಬಾಯಿ ತೆರೆಯುವಂತಿರಲಿಲ್ಲ. ತೆರೆದರೆ ಸಿಹಿ ಕೆಳಗೆ ಬೀಳುತ್ತದೆ. "ಏನು ಬಿಗುಮಾನವೋ!" ಎಂದು ಕರಿಯಣ್ಣ ಗೊಣಗಿದ. ತಾನೇ ಕೊಂಬಣ್ಣನ ಬಗ್ಗೆ ಅಂದುಕೊಂಡಿದ್ದ ಆ ಮಾತು ಅವಳಿಗೆ ಮುಳ್ಳಿನಂತೆ ಚುಚ್ಚಿತು. ಆದರೂ ಕಣ್ಣಲ್ಲೇ ನಕ್ಕು ಮರ ಹತ್ತಿದಳು.

ಹೊನ್ನೆಮರಕ್ಕೆ ಬಂದು ತೊಳೆಯನ್ನು ತಾನೇ ಸೀಳಿನೊಳಗೆ ಇಟ್ಟಳು. ಒಳಗಿನಿಂದ ಹೊನ್ನಿ ಕೇಳಿದಳು:

"ಜೇನು ಇನ್ನೂ ತೊಟ್ಟಿಕ್ಕುತ್ತಿದೆ. ಇವರು ತಂದದ್ದಲ್ಲ ಇದು. ಯಾರು ಹೊರಗೆ?"

"ನಾನೇ ಕಣೇ" ಎಂದಳು ಕೆಂಚಮ್ಮ. "ನಿನ್ನ ಎಲೆಗೆ ಬಡಿಸೋದು ಬಾಕಿ ಇತ್ತು."

ಆಮೇಲೆ ಕೊಂಬಣ್ಣನ ಕಡೆ ತಿರುಗಿದಳು. "ತಪ್ಪಾಯ್ತು ಅಣ್ಣಾ. ನಿನ್ನ ಎಲೆ ಅಲ್ಲೇ ಇದೆ. ಯಾರೂ ಎದ್ದಿಲ್ಲ. ಬಂದು ನಿನಗಾಗಿ ಒಂದು ತುತ್ತು ಉಣ್ಣು."

ಕೊಂಬಣ್ಣ ಬಂದ. ತನ್ನ ಎಲೆಯ ಮುಂದೆ ಕೂತು ಹೊಟ್ಟೆ ತುಂಬ ಉಂಡ. ನಡುವೆ ಏನಾಯಿತು ಹೇಳಿ ಎಂದು ಕರಿಯಣ್ಣ ಎಷ್ಟು ಪೀಡಿಸಿದರೂ ಕೆಂಚಮ್ಮ ಸುಮ್ಮನಿದ್ದಳು. ತೀರ ಒತ್ತಾಯ ಮಾಡಿದಾಗ ಒಂದು ದೊಡ್ಡ ಹಲಸಿನ ತೊಳೆಯನ್ನು ಬಾಯಿಗೆ ತುರುಕಿಕೊಂಡು, ಮಾತಾಡಲಾರೆ ಎಂದು ಕೈಸನ್ನೆ ಮಾಡಿದಳು.

ನೀತಿ: ಮೌನದ ಹಿಂದೆ ಏನಿದೆಯೆಂದು ತಿಳಿಯುವ ಮೊದಲು ಯಾರನ್ನೂ ಜರೆಯಬಾರದು.